ಕೆಲಸವಿಲ್ಲದೆ ತಿರುಗಿದ ಎರಡು ಊರು

ಅಡಿಲೇಡ್ ನಗರದಲ್ಲಿ ನನಗೆ ಉಳಿದದ್ದು ಒಂದೇ ಹಗಲು. ಮರುದಿನ ನಸುಕಿಗೆ ವಿಮಾನ. ಹಾಸ್ಟೆಲ್ಲಿನ ಆ ದೊಡ್ಡ ಕೋಣೆಯಲ್ಲಿ ಎದ್ದವಳು ನಾನೊಬ್ಬಳೇ. ಉಳಿದ ಹುಡುಗಿಯರೆಲ್ಲ ನಾನು ಪಾಠ ಹೇಳಿ ಕಳಿಸಿದ ಮಕ್ಕಳ ವಯಸ್ಸಿನವರು, ಮುಸುಕು ಹೊದ್ದು ಮಲಗಿದ್ದರು. ಬೆನ್ನಚೀಲ ಏರಿಸಿಕೊಂಡು, ಷೂಗಳನ್ನು ಕೈಯಲ್ಲಿ ಹಿಡಿದು, ಸದ್ದಾಗದಂತೆ ಮೆಟ್ಟಿಲಿಳಿದೆ. ಹೊರಗೆ ಮೇ ತಿಂಗಳ ಚಳಿ. ಮೇ ತಿಂಗಳಿಗೂ ಚಳಿಗೂ ನಂಟು ಹಚ್ಚಲು ನನ್ನ ಮೈ ಇನ್ನೂ ಒಪ್ಪಿರಲಿಲ್ಲ.

ನಾನು ಹುಮನಾಬಾದಿನ ಒಂದು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತೇನೆ. ಹುಟ್ಟಿದ್ದು ದುಬಲಗುಂಡಿಯಲ್ಲಿ, ಕುರಿ ಆಡು ಕಾಯುವ ಮನೆಯಲ್ಲಿ. ಮದುವೆಯಾಗಲಿಲ್ಲ; ಅದಕ್ಕೆ ದೊಡ್ಡ ಕತೆಯೇನೂ ಇಲ್ಲ, ಆಗಲಿಲ್ಲ ಅಷ್ಟೆ. ಸೂಟಿ ಬಂದರೆ ಚೀಲ ಹೊತ್ತು ಒಬ್ಬಳೇ ಎಲ್ಲಿಗಾದರೂ ಹೊರಡುವ ಚಟ ಮೊದಲಿನಿಂದ ಇದೆ. ಆಸ್ಟ್ರೇಲಿಯಾ ಯಾಕೆ ಎಂದು ಸಾಲೆಯಲ್ಲಿ ಎಲ್ಲರೂ ಕೇಳಿದರು. ಕಾರಣ ಹೇಳಿದರೆ ನಗುತ್ತಿದ್ದರು. ಭೂಮಿಯ ದಕ್ಷಿಣದ ಅರ್ಧದಲ್ಲಿ ನಡುಹಗಲಿನ ಸೂರ್ಯ ಉತ್ತರದ ಕಡೆಗೆ ಇರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ ಎಂದು ಎಷ್ಟೋ ವರ್ಷಗಳಿಂದ ಹಲಗೆಯ ಮೇಲೆ ಗೆರೆ ಎಳೆದು ಹೇಳುತ್ತಿದ್ದೆ. ಆ ನೆರಳು ನನ್ನದೇ ಆಗಿ ಒಮ್ಮೆ ಬೀಳಲಿ ಎಂಬುದೊಂದೇ ಆಸೆ.

ಚೀಲದಲ್ಲಿ ಅವ್ವ ಕಟ್ಟಿಕೊಟ್ಟ ಕಟಕ ರೊಟ್ಟಿಗಳಲ್ಲಿ ಕೊನೆಯ ಕೆಲವು ಉಳಿದಿದ್ದವು, ಜೊತೆಗೆ ಒಂದಿಷ್ಟು ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ. ವಿಮಾನ ನಿಲ್ದಾಣದಲ್ಲಿ ಅವನ್ನು ತೋರಿಸಿದಾಗ ತಪಾಸಣೆಯ ಹೆಣ್ಣುಮಗಳು ಒಂದು ರೊಟ್ಟಿಯನ್ನು ಲಟಕ್ಕನೆ ಮುರಿದು ಮೂಸಿ ನೋಡಿದ್ದಳು. "ಇದು ಬ್ರೆಡ್ಡೇ?" ಎಂದು ಕೇಳಿದ್ದಳು. ಹೌದೆಂದೆ. ಮುರಿದ ತುಂಡುಗಳನ್ನು ಅಷ್ಟೇ ಜೋಪಾನವಾಗಿ ಮತ್ತೆ ಕಟ್ಟಿಕೊಟ್ಟಳು.

ಎಲ್ಲಿಗೆ ಹೋಗಬೇಕೆಂದು ಆ ದಿನ ಗೊತ್ತುಮಾಡಿರಲಿಲ್ಲ. ನೋಡಬೇಕಾದದ್ದೆಲ್ಲ ಹಿಂದಿನ ದಿನಗಳಲ್ಲೇ ನೋಡಿಯಾಗಿತ್ತು. ನದಿಯ ಪಕ್ಕ ನಡೆದೆ. ನೀರಿನ ಮೇಲೆ ಹೊಗೆಯಂಥ ಮಂಜು, ಅದರೊಳಗಿಂದ ಉದ್ದನೆಯ ದೋಣಿಯೊಂದು ಬಂದು ಮತ್ತೆ ಅದರೊಳಗೇ ಹೋಯಿತು. ರಸ್ತೆಯ ಎರಡೂ ಕಡೆಯ ಮರಗಳು ಹಳದಿ ಎಲೆ ಉದುರಿಸುತ್ತಿದ್ದವು. ಒಂದು ಎಲೆ ನೆಲ ಮುಟ್ಟುವ ತನಕ ನಿಂತು ನೋಡಿದೆ, ಆಮೇಲೆ ಇನ್ನೊಂದು. ನನ್ನನ್ನು ಯಾರೂ ಕರೆಯುವವರಿರಲಿಲ್ಲ, ಗಂಟೆ ಹೊಡೆಯುವವರಿರಲಿಲ್ಲ. ಎದುರಿಗೆ ಬಂದವರು ಮುಗುಳ್ನಕ್ಕು ಹೋಗುತ್ತಿದ್ದರು. ನಾನು ನಿಜವಾಗಿ ಅಲ್ಲಿದ್ದೇನೋ, ಅಥವಾ ಹುಮನಾಬಾದಿನ ನನ್ನ ಕೋಣೆಯಲ್ಲಿ ಮಧ್ಯಾಹ್ನ ಕಣ್ಣು ಹತ್ತಿ ಇದನ್ನೆಲ್ಲ ಕಾಣುತ್ತಿದ್ದೇನೋ ಎಂಬ ಅನುಮಾನ ಆಗಾಗ ಬರುತ್ತಿತ್ತು.

ಹಾಗೆ ನಡೆಯುತ್ತಲೇ ದಾರಿ ತಪ್ಪಿದೆ.

ದಾರಿ ತಪ್ಪುವವಳಲ್ಲ ನಾನು. ಕುರಿ ಕಾಯುವವರ ಮಕ್ಕಳಿಗೆ ದಿಕ್ಕು ಯಾರೂ ಕಲಿಸಬೇಕಾಗಿಲ್ಲ. ಆದರೆ ಹೊತ್ತು ಏರಿದ ಮೇಲೆ ಬಿಸಿಲು ಬರುವ ಕಡೆಯೇ ದಕ್ಷಿಣ ಎಂದು ನನ್ನ ಕಾಲುಗಳು ತಮ್ಮಷ್ಟಕ್ಕೆ ತಿಳಿದುಕೊಂಡುಬಿಟ್ಟಿದ್ದವು. ತಲೆಗೆ ಗೊತ್ತಿದ್ದದ್ದು ಕಾಲಿಗೆ ಗೊತ್ತಿರಲಿಲ್ಲ. ದಕ್ಷಿಣಕ್ಕಿದ್ದ ಹಾಸ್ಟೆಲ್ಲಿನ ಕಡೆಗೆ ತಿರುಗಿದ್ದೇನೆಂದುಕೊಂಡು ಬಿಸಿಲನ್ನು ಮುಖಕ್ಕೆ ಹಿಡಿದು ನಡೆದವಳು ಅದರಿಂದ ದೂರ ದೂರ ಹೋಗಿದ್ದೆ. ದೊಡ್ಡ ಕಟ್ಟಡಗಳು ಮುಗಿದು, ಹುಲ್ಲುಗಾವಲಿನಂಥ ಉದ್ಯಾನ ಮುಗಿದು, ಕಲ್ಲಿನ ಗಿಡ್ಡ ಮನೆಗಳ ಓಣಿ ಬಂತು. ಕಾಂಪೌಂಡಿನಾಚೆಗೆ ಬಾಗಿದ ನಿಂಬೆಗಿಡಗಳು, ಅಂಗಳದಲ್ಲಿ ಮಲಗಿದ ಬೆಕ್ಕು, ಮನುಷ್ಯರು ಮಾತ್ರ ಇಲ್ಲ. ಫೋನು ತೆಗೆದರೆ ಐದು ನಿಮಿಷದಲ್ಲಿ ದಾರಿ ಸಿಗುತ್ತಿತ್ತು. ತೆಗೆಯಲು ಮನಸ್ಸಾಗಲಿಲ್ಲ. ಓಣಿಯ ತುದಿಗೆ ಸಣ್ಣ ಬಯಲು, ಅಲ್ಲೊಂದು ಬೆಂಚು. ಕೂತೆ. ನೆರಳು ನನ್ನ ಬೆನ್ನ ಹಿಂದೆ, ದಕ್ಷಿಣಕ್ಕೆ, ಹುಲ್ಲಿನ ಮೇಲೆ ಬಿದ್ದಿತ್ತು. ತಿರುಗಿ ನೋಡಿ ಒಬ್ಬಳೇ ನಕ್ಕೆ.

ಆಗ ಅವ್ವನ ವಿಡಿಯೋ ಕಾಲ್ ಬಂತು.

ಅವ್ವನಿಗೆ ಓದು ಬರುವುದಿಲ್ಲ. ಫೋನಿನಲ್ಲಿ ನನ್ನ ಮುಖದ ಚಿತ್ರ ಎಲ್ಲಿದೆಯೋ ಅಲ್ಲಿ ಒತ್ತುವುದು, ಬಂದದ್ದನ್ನು ಕಿವಿಗೆ ಹಚ್ಚಿಕೊಳ್ಳುವುದು ಮಾತ್ರ ಬರುತ್ತದೆ. ಹಾಗಾಗಿ ನನಗೆ ಮೊದಲು ಕಂಡದ್ದು ಅವಳ ಕಿವಿ, ಕಿವಿಯಲ್ಲಿನ ಬುಗುಡಿ. ದುಬಲಗುಂಡಿಯಲ್ಲಿ ಇನ್ನೂ ಎಳೆಬಿಸಿಲು. ಆಡುಗಳನ್ನು ಹೊರಗೆ ಹೊಡೆದುಕೊಂಡು ಬಂದಿದ್ದಳು.

"ಎಲ್ಲಿ ಅದಿ?" ಅಂದಳು.

"ದಾರಿ ತಪ್ಪೇನಿ ಅವ್ವ."

"ದಾರಿ ತಪ್ಪಿದಿ? ನೀನು?" ಫೋನು ಕಿವಿಯಿಂದ ಮುಖದ ಮುಂದೆ ಬಂತು. "ಹೊತ್ತು ಯಾವ ಕಡಿ ಅದ ನೋಡು."

"ಉತ್ತರಕ್ಕದ."

"ಉತ್ತರಕ್ಕ ಹ್ಯಾಂಗ ಇರ್ತದ? ಹೊತ್ತಿಗಿ ಏನ್ ಹುಚ್ಚ ಹಿಡದದೇನು?"

"ಇಲ್ಲಿ ಹಂಗೇ ಇರ್ತದವ್ವ."

ನಂಬಲಿಲ್ಲ. ತೋರಿಸು ಅಂದಳು. ಫೋನು ತಿರುಗಿಸಿ ಮನೆಗಳು, ಮರ, ಬಿಸಿಲು, ನನ್ನ ನೆರಳು ಎಲ್ಲ ತೋರಿಸಿದೆ. ಬಯಲಿನ ಆಚೆ ಗುಲಾಬಿ ಎದೆಯ ಬೂದು ಗಿಳಿಗಳು ತಲೆ ತಗ್ಗಿಸಿ, ಸಾಲಾಗಿ, ಥೇಟು ಕುರಿಮಂದೆಯ ಹಾಗೆ ಹುಲ್ಲು ಮೇಯುತ್ತಿದ್ದವು. ಅವನ್ನು ಕಂಡು ಅವ್ವ ಮುಖವನ್ನು ಫೋನಿಗೆ ಇನ್ನಷ್ಟು ಹತ್ತಿರ ತಂದಳು. ಗಿಳಿ ನೆಲದ ಮೇಲೆ ಮೇಯುವುದನ್ನು ಅವಳು ಎಂದೂ ಕಂಡಿರಲಿಲ್ಲ.

"ಅಲ್ಲಿ ಏನ್ ಕೆಲಸ ಅದ ನಿನಗ ಇವತ್ತ?" ಕೇಳಿದಳು.

"ಏನಿಲ್ಲ. ಸುಮ್ಮ ನಡ್ಯಾಕತ್ತೇನಿ."

"ಸುಮ್ಮ?"

"ಹೂಂ, ಸುಮ್ಮ."

ಅದಕ್ಕೆ ಅವಳು ಉತ್ತರ ಕೊಡುವಷ್ಟರಲ್ಲಿ ಹಿಂದಿನಿಂದ ಆಡುಗಳ ಗದ್ದಲ ಕೇಳಿತು. "ಏ ಹಾಳಾದವೇ! ಕಬ್ಬಿನ್ಯಾಗ ಹೊಕ್ಕಾವ ನೋಡು! ತಡಿ, ಬಂದೆ" ಎಂದವಳೇ ಓಡಿದಳು. ಫೋನು ಕೈಯಿಂದ ಜಾರಿತೋ, ಅವಳೇ ಕೆಳಗಿಟ್ಟಳೋ ತಿಳಿಯದು. ಚಿತ್ರ ಒಮ್ಮೆ ಗಿರ್ರನೆ ತಿರುಗಿ ನಿಂತಿತು.

ಈಗ ನನ್ನ ಕೈಯಲ್ಲಿದ್ದದ್ದು ದುಬಲಗುಂಡಿಯ ಮುಗಿಲು.

ಒಂದು ಮೂಲೆಯಲ್ಲಿ ಜಾಲಿಯ ಮುಳ್ಳಿನ ರೆಂಬೆ, ಉಳಿದಂತೆ ಬರೀ ಮುಗಿಲು. ಬೇಸಿಗೆಯ ಬಿಳಿ ಬಿಳಿ ನೀಲಿ, ಒಗೆದು ಒಗೆದು ಬಣ್ಣ ಹೋದ ಧೋತರದ ಹಾಗೆ. ದೂರದಲ್ಲಿ ಅವ್ವ ಆಡುಗಳನ್ನು ಬೈಯುವ ದನಿ, ಯಾವುದೋ ಮೋಟಾರ್ ಸೈಕಲ್ಲು, ಹತ್ತಿರದಲ್ಲೇ ಒಂದು ಮರಿಯ ಕೂಗು. ಕಾಲ್ ಕಟ್ ಮಾಡಬಹುದಿತ್ತು, ಮಾಡಲಿಲ್ಲ. ಫೋನನ್ನು ತೊಡೆಯ ಮೇಲೆ ಮಲಗಿಸಿಕೊಂಡು ನೋಡುತ್ತ ಕೂತೆ. ಎಷ್ಟು ಹೊತ್ತು ಕೂತಿದ್ದೆನೋ. ಬೆಂಚಿನ ಇನ್ನೊಂದು ತುದಿಗೆ ಯಾರೋ ಬಂದು ಕೂತಿದ್ದು ಕೂಡ ಅವರು ಮಾತಾಡಿದ ಮೇಲೆಯೇ ಗೊತ್ತಾಯಿತು.

"ಅದು ಯಾವ ಸಿನಿಮಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಕೋಲು ಹಿಡಿದ ಮುದುಕಿ. ಹತ್ತಿಯಂಥ ಬಿಳಿಗೂದಲು, ಮೊಣಕಾಲಿನ ತನಕ ಇಳಿಬಿದ್ದ ಉಣ್ಣೆಯ ಸ್ವೆಟರು.

"ಸಿನಿಮಾ ಅಲ್ಲ. ನಮ್ಮೂರಿನ ಆಕಾಶ."

"ಈಗಿನದೇ?"

"ಈಗಿನದೇ."

"ಹಾಗಾದರೆ ಸ್ವಲ್ಪ ಸರಿದು ಕೂಡು. ನನಗೂ ಕಾಣಲಿ."

ಸರಿದು ಕೂತೆ. ಇಬ್ಬರೂ ನೋಡಿದೆವು. ಒಂದು ಹದ್ದು ತೆರೆಯ ಒಂದು ಅಂಚಿನಿಂದ ಬಂದು, ರೆಕ್ಕೆ ಅಲ್ಲಾಡಿಸದೆ ಸುತ್ತು ಹಾಕಿ ಇನ್ನೊಂದು ಅಂಚಿಗೆ ಹೋಯಿತು. ಅದು ಮತ್ತೆ ಬರುತ್ತದೆಂದು ಇಬ್ಬರೂ ಕಾದೆವು, ಬಂತು. ಇತ್ತೀಚೆಗೆ ಕಣ್ಣಿನ ಆಪರೇಷನ್ ಆಯಿತೆಂದೂ, ಆಮೇಲೆ ಎಲ್ಲ ಬಣ್ಣಗಳೂ ಯಾರೋ ನೀರು ಹಾಕಿ ತೊಳೆದಂತೆ ಕಾಣುತ್ತವೆಂದೂ ಮುದುಕಿ ಹೇಳಿದರು. "ನಿಮ್ಮೂರಿನ ಆಕಾಶದಲ್ಲಿ ಧೂಳಿದೆ. ಚೆನ್ನಾಗಿದೆ" ಎಂದರು. ಚೀಲದಿಂದ ರೊಟ್ಟಿ ತೆಗೆದು ಹಿಂಡಿ ಉದುರಿಸಿ ಕೊಟ್ಟೆ. ಅವರು ಒಂದು ಚೂರನ್ನು ಬಾಯಲ್ಲಿಟ್ಟು, ಅದು ಮೆತ್ತಗಾಗುವ ತನಕ ಕಾಯುತ್ತ, ಮುಗಿಲಿನ ಮೇಲಿನ ಕಣ್ಣು ಕದಲಿಸದೆ ಕೂತಿದ್ದರು.

ಇದ್ದಕ್ಕಿದ್ದಂತೆ ಮುಗಿಲು ಕಪ್ಪಾಯಿತು. ಕಪ್ಪು ಮೂತಿ, ಒದ್ದೆ ಮೂಗು, ಆಮೇಲೆ ದೊಡ್ಡದೊಂದು ಗುಲಾಬಿ ನಾಲಿಗೆ. ಆಡೊಂದು ಫೋನನ್ನು ನೆಕ್ಕತೊಡಗಿತ್ತು. ಮುದುಕಿ ಬೆಚ್ಚಿ ಹಿಂದೆ ಸರಿದು, ಆಮೇಲೆ ಕೋಲು ಕೆಳಗೆ ಬೀಳುವಷ್ಟು ನಕ್ಕರು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವ ತನಕ. ಅವ್ವ ಏದುಸಿರು ಬಿಡುತ್ತ ಬಂದು ಫೋನು ಎತ್ತಿಕೊಂಡಾಗ ನಾವಿನ್ನೂ ನಗುತ್ತಲೇ ಇದ್ದೆವು.

"ಅದಿ ಏನು? ಇಷ್ಟೊತ್ತ ಏನ್ ಮಾಡಿದಿ?"

"ಮುಗಲ ನೋಡಿದೆ."

"ಇಲ್ಲೀ ಮುಗಲ ನೋಡಾಕ ಅಲ್ಲೀ ಮಟ ಹೋಗಬೇಕಿತ್ತೇನು?" ಎಂದು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದವಳು ಪಕ್ಕದಲ್ಲಿದ್ದ ಮುದುಕಿಯನ್ನು ಕಂಡು ದನಿ ಬದಲಿಸಿದಳು. "ನಮಸ್ಕಾರ್ರಿ ಅಕ್ಕಾರ. ಊಟ ಆತೇನ್ರಿ? ನನ್ನ ಮಗಳು ದಾರಿ ತಪ್ಯಾಳ. ಜರಾ ದಾರಿ ತೋರಸ್ರಿ."

ಮುದುಕಿ ಎಲ್ಲ ತಿಳಿದವರಂತೆ ತಲೆಯಾಡಿಸಿದರು. ನಾನು ಅವ್ವನ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದೆ. "ಎಲ್ಲಿಗೆ ಹೋಗಬೇಕು ನೀನು?" ಎಂದು ನನ್ನನ್ನು ಕೇಳಿದರು.

"ಎಲ್ಲಿಗೂ ಇಲ್ಲ."

ಕ್ಷಣ ಹೊತ್ತು ಯೋಚಿಸಿ, "ಹಾಗಾದರೆ ಸಮುದ್ರಕ್ಕೆ ಹೋಗು" ಎಂದರು. ಬಂದ ದಾರಿಯಲ್ಲೇ ತಿರುಗಿ ಊರು ದಾಟಬೇಕು, ಆಮೇಲೆ ಟ್ರಾಮಿನ ಹಳಿ ಹಿಡಿದು ನಡೆದರೆ ಹಳಿ ಮುಗಿದಲ್ಲಿ ಸಮುದ್ರ. ಸಾಕಷ್ಟು ದೂರ, ಆದರೆ ಸಂಜೆಯೊಳಗೆ ಮುಟ್ಟಬಹುದು. ಅವರು ಎದ್ದು, ಫೋನಿನೊಳಗಿನ ಅವ್ವನಿಗೆ ಕೈ ಬೀಸಿ ಹೊರಟರು. "ಸಾವಕಾಶ ಹೋಗ್ರಿ" ಎಂದು ಅವ್ವ ಹಿಂದಿನಿಂದ ಕೂಗಿ ಹೇಳಿದಳು.

ಆ ಮಧ್ಯಾಹ್ನವೆಲ್ಲ ನಡೆದೆ. ಟ್ರಾಮುಗಳು ಪಕ್ಕದಲ್ಲಿ ಹಾದುಹೋಗುತ್ತಿದ್ದವು. ಗಾಜಿನೊಳಗಿನ ಮುಖಗಳು ನನ್ನನ್ನು ನೋಡಿ ಮರೆತುಬಿಡುತ್ತಿದ್ದವು. ಬಿಸಿಲು ಬಲಗೆನ್ನೆಯ ಮೇಲಿತ್ತು. ಈಗ ಅದನ್ನು ನಂಬಲು ಕಲಿತಿದ್ದೆ. ಮನೆಗಳ ಹಿಂದೆ ಒಗೆದ ಬಟ್ಟೆ, ಯಾರೋ ಪಿಯಾನೋ ಕಲಿಯುವ ಸದ್ದು, ಹುರಿದ ಮೀನಿನ ವಾಸನೆ. ಎಲ್ಲವೂ ನನ್ನವಲ್ಲದ ಬದುಕುಗಳು, ಆದರೂ ಕದ ತಟ್ಟಿದರೆ ಒಳಗೆ ಕರೆದು ಚಹಾ ಕೊಟ್ಟಾರು ಅನಿಸುತ್ತಿತ್ತು. ಕಾಲು ನೋಯತೊಡಗಿದ ಮೇಲೆ ನೋವು ಕೂಡ ಹಾಡಿನಂತೆ ಒಂದು ಲಯಕ್ಕೆ ಬಂತು. ಹಳಿ ಕೊನೆಗೊಂಡ ಕಡೆ ನಿಜವಾಗಿಯೂ ಸಮುದ್ರವಿತ್ತು, ಸೂರ್ಯ ಅದರೊಳಗೆ ಇಳಿಯುತ್ತಿದ್ದ. ಷೂ ಕಳಚಿ ನೀರಿನಲ್ಲಿ ನಿಂತೆ. ಐಸಿನಂಥ ನೀರು. ನನ್ನನ್ನು ಕಟ್ಟಿಹಾಕಿದ ಯಾವ ದಾರವೂ ಇಲ್ಲ ಎನಿಸಿತು; ಹಾಗೆನಿಸಿದ್ದಕ್ಕೆ ಹೆದರಿಕೆಯಾಗಲಿಲ್ಲ.

ಊರಿಗೆ ಬಂದ ಮೇಲೆ ಸಾಲೆ ಸುರುವಾಯಿತು. ವಾರಕ್ಕೊಮ್ಮೆ ಹುಮನಾಬಾದಿನಿಂದ ಬಸ್ಸು ಹಿಡಿದು ದುಬಲಗುಂಡಿಗೆ ಹೋಗುವುದು ನನ್ನ ರೂಢಿ. ಹೋದಾಗಲೆಲ್ಲ ಒಂದು ಹೊಸ ಸಂಗತಿ ಕಿವಿಗೆ ಬೀಳುತ್ತಿತ್ತು. ಅವ್ವ ಕಟ್ಟೆಯ ಮೇಲೆ ಕೂತು ಓಣಿಯ ಹೆಣ್ಣುಮಕ್ಕಳಿಗೆ ಆಸ್ಟ್ರೇಲಿಯಾದ ಕತೆ ಹೇಳುತ್ತಿದ್ದಳು. ನಾನು ಹೋದದ್ದನ್ನು ಹೇಳುತ್ತಿರಲಿಲ್ಲ. ತಾನು ಕಂಡದ್ದನ್ನು ಹೇಳುತ್ತಿದ್ದಳು.

"ಅಲ್ಲಿ ಗಿಳಿ ಹುಲ್ಲ ಮೇಯ್ತಾವ. ಕಣ್ಣಾರೆ ನೋಡೇನಿ. ಹೊತ್ತು ಉತ್ತರದಾಗ ಹೋಗ್ತದ. ಮುದುಕ್ಯಾರು ಒಬ್ಬರೇ ತಿರಗಾಡ್ತಾರ, ಯಾರೂ ಏನೂ ಕೇಳಂಗಿಲ್ಲ."

ಶ್ರಾವಣದ ಒಂದು ಸಂಜೆ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, ಹಂಚಿನ ಕಡೆ ನೋಡುತ್ತಲೇ ಹೇಳಿದಳು: "ಒಂದಿನ ಕಲ್ಯಾಣಕ್ಕ ಹೋಗಮು."

"ಏನ್ ಕೆಲಸ ಅದವ್ವ?"

"ಕೆಲಸಿಲ್ಲ. ಸುಮ್ಮ."

ಬಸವಕಲ್ಯಾಣಕ್ಕೆ ಅವಳು ಹೋಗಿದ್ದೆಲ್ಲ ಕೆಲಸಕ್ಕೇ. ನನ್ನ ಮುರಿದ ಕೈ ಕಟ್ಟಿಸಲು, ಅಪ್ಪನನ್ನು ದವಾಖಾನೆಯಲ್ಲಿ ನೋಡಿಕೊಳ್ಳಲು, ಲಗ್ನದ ಬಟ್ಟೆ ತರಲು. ಹೋಗುವುದು, ಕೆಲಸ ಮುಗಿಸುವುದು, ಆಡುಗಳು ಹಸಿದಿರುತ್ತವೆಂದು ಬಸ್ಸಿಗೆ ಓಡುವುದು. ಅರವತ್ತು ದಾಟಿದ ಹೆಂಗಸು, ಯಾವ ಊರನ್ನೂ ಊರೆಂದು ನೋಡಿರಲಿಲ್ಲ.

ಮುಂದಿನ ರವಿವಾರ ಹೊರಟೆವು. ಆಡುಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿದಳು. ಲಗ್ನಕ್ಕೆ ಉಡುವ ಹಸಿರು ಸೀರೆ ಉಟ್ಟಳು. ನನ್ನ ಬೆನ್ನಚೀಲವನ್ನು ತಾನೇ ಹೊರುತ್ತೇನೆಂದು ಹಟ ಹಿಡಿದಳು. ಸೆರಗಿನ ಮೇಲೆ ಚೀಲದ ಪಟ್ಟಿ ಎಳೆದು ಬಿಗಿದುಕೊಂಡು, ಹುಮನಾಬಾದಿನಲ್ಲಿ ಬಸ್ಸು ಬದಲಿಸಿ, ಕಲ್ಯಾಣದಲ್ಲಿ ಇಳಿದಾಗ ಸಣ್ಣ ಜಿಟಿಜಿಟಿ ಮಳೆ ಬಂದು ನಿಂತಿತ್ತು. ರಸ್ತೆಯಲ್ಲೆಲ್ಲ ನಿಂತ ನೀರಿನಲ್ಲಿ ಮುಗಿಲಿನ ತುಣುಕುಗಳು.

ಹಳೆಯ ಪೇಟೆಯ ಚಹಾದಂಗಡಿಯಲ್ಲಿ ಕೂತೆವು. ಬಿಳಿ ಟೋಪಿಯ ಅಂಗಡಿಯವರು ಅವ್ವನನ್ನೂ ಚೀಲವನ್ನೂ ನೋಡಿ ಸ್ಟೂಲು ಸರಿಸಿ, ಕನಿಕರದಿಂದ ಕೇಳಿದರು: "ಕೂಡ್ರಿ ಅಮ್ಮಾ. ದವಾಖಾನ್ಯಾಗ ಯಾರದಾರ್ರಿ?"

"ಯಾರೂ ಇಲ್ರಿ."

"ಕೋರ್ಟಿನ ಕೆಲಸೇನ್ರಿ?"

"ಇಲ್ರಿ."

"ಮತ್ತ?"

"ತಿರಗಾಡಾಕ ಬಂದೇವ್ರಿ. ಸುಮ್ಮ."

"ಎಲ್ಲಿಗ್ರಿ?"

"ಇಲ್ಲೇ, ಕಲ್ಯಾಣದಾಗ."

ಅವರು ಚಹಾ ಸೋಸುವುದನ್ನು ನಿಲ್ಲಿಸಿದರು. "ಕಲ್ಯಾಣದಾಗ ಏನದ್ರಿ ತಿರಗಾಡಾಕ!"

"ನೋಡಿದ ಮ್ಯಾಲ ಹೇಳ್ತೇನ್ರಿ" ಅಂದಳು ಅವ್ವ. ನನ್ನ ಅವ್ವ ಹೀಗೂ ಮಾತಾಡಬಲ್ಲಳೆಂದು ನನಗೆ ಗೊತ್ತಿರಲಿಲ್ಲ. ಅಂಗಡಿಯವರು ನಕ್ಕು, ಅವಳ ಕಪ್ಪಿಗೆ ಇನ್ನೊಂದಿಷ್ಟು ಚಹಾ ಸುರಿದರು.

ಆಮೇಲೆ ಅವಳು ಮುಂದೆ, ನಾನು ಹಿಂದೆ. ಯಾವ ಓಣಿ ಚಂದ ಕಂಡಿತೋ ಅದರೊಳಗೆ ಹೊಕ್ಕಳು. ಬಳೆಗಾರರ ಅಂಗಡಿಯ ಮುಂದೆ ನಿಂತಳು, ಕೊಳ್ಳಲಿಲ್ಲ. ಹಳೆಯ ಮನೆಯೊಂದರ ಬಾಗಿಲ ಕೆತ್ತನೆಯ ಮೇಲೆ ಬೆರಳಾಡಿಸಿದಳು, ಒಳಗಿಂದ ಬಂದ ಹೆಂಗಸು "ಯಾರ ಬೇಕ್ರಿ?" ಎಂದಾಗ "ಬಾಗಿಲ ನೋಡಾಕತ್ತಿದ್ದೆವ್ರಿ" ಎಂದಳು. ಎಲ್ಲಿಂದಲೋ ಅತ್ತರಿನ ವಾಸನೆ, ಎಲ್ಲಿಂದಲೋ ಭಜನೆ. ನಾನು ಕಾಲೇಜು ಓದಿದ್ದು ಈ ಊರಿನಲ್ಲೇ, ಆದರೂ ಆ ದಿನ ಕಂಡ ಓಣಿಗಳು ನನಗೆ ಹೊಸವು. ಅವ್ವ ಹೆಜ್ಜೆಯಿಟ್ಟ ಮೇಲೆಯೇ ಅವು ಅಲ್ಲಿ ಹುಟ್ಟಿಕೊಳ್ಳುತ್ತಿವೆಯೇನೋ ಅನಿಸುತ್ತಿತ್ತು.

ಕೋಟೆಯ ಗೋಡೆಯನ್ನು ಅವಳು ಹೊರಗಿನಿಂದ ಎಷ್ಟು ಸಲ ನೋಡಿದ್ದಳೋ, ಒಳಗೆ ಎಂದೂ ಕಾಲಿಟ್ಟಿರಲಿಲ್ಲ. ಬಾಗಿಲೊಂದರ ಹಿಂದೆ ಇನ್ನೊಂದು ಬಾಗಿಲು, ಕತ್ತಲೆ ದಾರಿ, ಆಮೇಲೆ ಥಟ್ಟನೆ ಬೆಳಕು. ಮಳೆಗೆ ಚಿಗುರಿದ ಹುಲ್ಲು ಕಲ್ಲಿನ ಸಂದಿಯಲ್ಲೆಲ್ಲ ತುಂಬಿತ್ತು. ಅವ್ವ ಬಗ್ಗಿ ಒಂದು ಎಸಳು ಕಿತ್ತು ನೋಡಿ, "ಹುಲ್ಲ ಭಾಳ ಚಂದದ. ಯಾರೂ ಮೇಯ್ಸಿಲ್ಲ" ಎಂದಳು. ಮೇಲೆ ಬುರುಜು ಹತ್ತಿ ಕೂತೆವು. ಕೆಳಗೆ ಊರು, ತಗಡಿನ ಮಾಡುಗಳು, ಮಿನಾರುಗಳು, ದೂರದಲ್ಲಿ ಎತ್ತರದ ಬಸವಣ್ಣನ ಮೂರ್ತಿ, ಅದರಾಚೆ ಹಸಿರೋ ಹಸಿರು. ರೊಟ್ಟಿ ತಿಂದೆವು. ಗಾಳಿ ತಂಪಾಗಿತ್ತು. ಅವ್ವ ಚೀಲವನ್ನು ತಲೆದಿಂಬು ಮಾಡಿಕೊಂಡು, "ಜರಾ ಅಡ್ಡಾಗ್ತೇನಿ" ಎಂದವಳು ನಿದ್ದೆ ಹೋಗಿಬಿಟ್ಟಳು.

ನನ್ನ ಅವ್ವ ಹಗಲು ಮಲಗಿದ್ದನ್ನು ನಾನು ಕಂಡದ್ದು ಅವಳಿಗೆ ಜ್ವರ ಬಂದಾಗ ಮಾತ್ರ. ಆರಾಮಿರುವಾಗ, ನಡುಹಗಲಿನಲ್ಲಿ, ಬಾಯಿ ಸ್ವಲ್ಪ ತೆರೆದು, ಒಂದು ಕೈಯನ್ನು ಹುಲ್ಲಿನ ಮೇಲೆ ಚೆಲ್ಲಿ ಮಲಗಿದ್ದು ಅದೇ ಮೊದಲು. ಮುಖದ ಗೆರೆಗಳೆಲ್ಲ ಸಡಿಲಾಗಿ ಎಳೆಯ ಹೆಣ್ಣೊಬ್ಬಳು ಅದರೊಳಗೆ ಕಾಣುತ್ತಿದ್ದಳು. ನಾನು ಹುಟ್ಟುವ ಮೊದಲಿನವಳು, ನನಗೆ ಪರಿಚಯವಿಲ್ಲದವಳು. ಕಾವಲಿನವರು ಬಂದು, "ಏನಾಗ್ಯದ್ರಿ ಅಮ್ಮಗ?" ಎಂದು ಗಾಬರಿಯಾದರು.

"ಏನಿಲ್ರಿ. ಮಲಗ್ಯಾಳ."

ಅವರು ತುಸು ನಿಂತು ನೋಡಿ, ಬೂಟಿನ ಸಪ್ಪಳ ಆಗದಂತೆ ಮೆಟ್ಟಿಲಿಳಿದು ಹೋದರು.

ಮೋಡ ಸರಿದು ಬಿಸಿಲು ಮುಖಕ್ಕೆ ಬಿದ್ದಾಗ ಅವ್ವ ಕಣ್ಣು ತೆರೆದಳು. "ಎಲ್ಲಿ ಅದೇನಿ ನಾ?"

"ಕಲ್ಯಾಣದಾಗ ಅವ್ವ."

"ಹೌದಲ್ಲ" ಎಂದು ನಕ್ಕಳು. ಎದ್ದು ಕೂತು ಕೂದಲು ಸರಿಮಾಡಿಕೊಳ್ಳುತ್ತ ಹೇಳಿದಳು: "ಕನಸು ಬಿತ್ತು. ಆಡಿಲ್ಲ, ಮಂದಿಲ್ಲ. ಬರೇ ಬಯಲು. ನಾ ಒಬ್ಬಾಕೇ ನಡ್ಯಾಕತ್ತಿದ್ದೆ."

"ಅಂಜಿಕಿ ಆತೇನು?"

"ಇಲ್ಲ. ಎದ್ದಿದ್ದೇ ಬ್ಯಾಸರ ಆತು."

ಸಂಜೆಗೆ ತ್ರಿಪುರಾಂತದ ಕೆರೆಯ ದಂಡೆಯಲ್ಲಿ ಕೂತು, ನೀರಿನ ಮೇಲೆ ಬೆಳಕು ಕರಗುವುದನ್ನು ನೋಡಿ, ಬಸ್ ಸ್ಟ್ಯಾಂಡಿಗೆ ಬಂದೆವು. ಹುಮನಾಬಾದಿನ ಬಸ್ಸು ಸಿದ್ಧವಾಗಿ ನಿಂತಿತ್ತು. ಸೀಟುಗಳೂ ಖಾಲಿ ಇದ್ದವು. ನಾನು ಹತ್ತಲು ಹೋದೆ, ಅವ್ವ ಕೈ ಹಿಡಿದು ನಿಲ್ಲಿಸಿದಳು.

"ಮುಂದಿನ ಸ್ಟಾಪಿಗಿ ಹತ್ತಮು. ಅಲ್ಲೀ ಮಟ ನಡ್ಯಮು."

"ಕಾಲು ನೋಯ್ತಾವ ಅವ್ವ ನಿನಗ."

"ನೋಯ್ಲಿ ಬಿಡು. ಇದು ಹೋದ್ರ ಇದರ ಹಿಂದ ಇನ್ನೊಂದ ಬಸ್ ಬರ್ತದ."

ಹುಮನಾಬಾದಿನ ರಸ್ತೆ ಹಿಡಿದು ನಡೆದೆವು. ತೊಗರಿ ಹೊಲಗಳಿಂದ ಹಸಿ ಮಣ್ಣಿನ ವಾಸನೆ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೇ ಬಸ್ಸು ಹಿಂದಿನಿಂದ ಬಂತು. ಬೆನ್ನಿಗೆ ಚೀಲ ಹೊತ್ತ ಮುದುಕಿ ರಸ್ತೆ ಬದಿಗೆ ನಡೆಯುತ್ತಿರುವುದನ್ನು ಕಂಡು ಡ್ರೈವರು ಬ್ರೇಕ್ ಹಾಕಿದ. ಕಂಡಕ್ಟರು ಬಾಗಿಲಿನಿಂದ ತಲೆ ಹೊರಹಾಕಿ, "ಬರ್ರಿ ಅಮ್ಮಾ, ಜಲ್ದಿ ಬರ್ರಿ" ಎಂದು ಕರೆದ.

ಅವ್ವ ನಿಲ್ಲಲೇ ಇಲ್ಲ. ನಡೆಯುತ್ತಲೇ ಕೈ ಎತ್ತಿ ಬೀಸಿದಳು.

"ಹೋಗ್ರಿ, ಹೋಗ್ರಿ. ನಾವು ಹಿಂಗೇ ಬರ್ತೇವಿ."